ಜಳಕಕ್ಕ ಯಾವ ಕ್ರಿಯಾಪದ

ಗಣೇಶಪೇಟಿ ವೆಲ್ಡಿಂಗ್ ಅಂಗಡಿ ಮ್ಯಾಲಿನ ಖೋಲಿ,
ಸಂಜಿ ಏಳರಿಂದ ಎಂಟೂವರಿ, ತಿಂಗಳಿಗೆ ಐನೂರು.
ಕೆಳಗ ಅವರು ಕಬ್ಬಿಣಕ್ಕ ಕಬ್ಬಿಣ ಹತ್ತಿಸತಾರ,
ಮ್ಯಾಲೆ ನಾನು ನಾಮಪದಕ್ಕ ಕ್ರಿಯಾಪದ.
ಅವರದು ಹತ್ತತೈತಿ.
ನಂದು ನಾಳೆ ಮುಂಜಾನಿ ಬಿಚ್ಚಿ ಬೀಳತೈತಿ.

"ತಪ್ಪು ಮೇಕ್ ಮಾಡಬೇಕು, ಡೂ ಅಲ್ಲ" ಅಂದೆ.
ಗೂಡ್ಸ್ ಶೆಡ್ಡಿನ ಫಕ್ಕೀರೇಶ ಪೆನ್ನು ಕಚ್ಚಿದ:
"ತಪ್ಪೇನು ಕುರ್ಚೇನ್ರಿ ಸರ, ಕುಂತು ತಯಾರ ಮಾಡಾಕ?
ನಂದು ತಾನಾಗೇ ಆಗತೈತಿ."
ಹೋಂವರ್ಕ್ ಡೂ. ಗದ್ದಲ ಮೇಕ್. ಹಾಸಿಗಿನೂ ಮೇಕ್.
"ಗಾದಿ ಹೊಲಿಯೂದೇನ್ರಿ?"
ಅಲ್ಲಪಾ, ಕೊಡವಿ ಹಾಸೂದು.
ಯಾಕ ಅಂದರ ನಾ ಏನು ಹೇಳಲಿ?
ಇಪ್ಪತ್ತೆರಡು ವರ್ಷದಿಂದ ನಂದು ಒಂದ ಉತ್ತರ:
ಅದು ಹಂಗ. ಮುಂದಿಂದು ಬರಕೋರಿ.

ದುರ್ಗದಬೈಲಿನಾಗ ಪತ್ತಲದ ಅಂಗಡಿ ಇಟ್ಟ ಪಾರಿಸ
ಪೇ ಅಂದಕೂಡಲೇ ಕಿವಿ ನಿಗರಿಸಿದ.
ಲಕ್ಷ್ಯಕ್ಕ ಪೇ, ಭೆಟ್ಟಿಗೂ ಪೇ, ಹೊಗಳಿಕಿಗೂ ಪೇ.
"ನಾವು ಲಕ್ಷ್ಯ ಪುಕ್ಕಟ ಕೊಡತೀವ್ರಿ,
ಅವರ ಊರಾಗ ಅದಕ್ಕೂ ಬಿಲ್ಲೇನು?"
ನೆಗಡಿ ನಮಗ ಆಗತೈತಿ, ಹೇಳದ ಕೇಳದ;
ಅವರು ಕ್ಯಾಚ್ ಹಿಡೀತಾರ, ಸ್ಲಿಪ್ಪಿನಾಗ ನಿಂತವರಂಗ.

ನಾನೂ ನಕ್ಕೆ. ನಕ್ಕು, ನಮ್ಮದನ್ನ ನೋಡಿಕೊಂಡೆ.
ದೀಪ ಹಚ್ಚತೀವಿ, ಸುಣ್ಣ ಹಚ್ಚತೀವಿ, ಸಸಿ ಹಚ್ಚತೀವಿ,
ಫೋನೂ ಹಚ್ಚತೀವಿ, ಹುಡುಗರನ್ನ ಸಾಲಿಗೆ ಹಚ್ಚತೀವಿ,
ಯಾರನ್ನರ ಹಚ್ಚಿಕೊಂಡರ ಮುಗೀತು, ಬಿಡಿಸಾಕ ಬರಂಗಿಲ್ಲ.
ಇದಕ್ಕ ಯಾಕಂತ ಯಾವ ಸರ ಹೇಳ್ಯಾನು?

ಮೂಲ್ಯಾಗ ಹಾಜರಾಬಿ ನದಾಫ, ಐವತ್ತೆಂಟು.
ಮೊಮ್ಮಗಳ ಸಾಲಿ ಮಿಸ್ಸಿನ ಜೋಡಿ ಮಾತಾಡಾಕಂತ ಬರಾಕಿ.
ಎರಡು ತಿಂಗಳಾತು, ಒಂದು ಪ್ರಶ್ನೆ ಕೇಳಿದಾಕಿ ಅಲ್ಲ.
"ನಿನ್ನೆ ಏನು ಮಾಡಿದಿರಿ, ಐದು ವಾಕ್ಯ" ಅಂದಿದ್ದೆ.
ಎಲ್ಲಾರದೂ ಒಂದ: ಎದ್ದೆ, ಚಹಾ ಹ್ಯಾಡ್, ಜಳಕ ಟುಕ್.
ಆಕಿ ನೋಟಬುಕ್ಕಿನಾಗ, ಪೆನ್ಸಿಲ್ಲಿನಾಗ, ಮೂರನೇ ಸಾಲು:
ಐ ಗೇವ್ ಬಾತ್.
ಕೆಂಪು ಪೆನ್ನು ತಾನ ಇಳೀತು, ಗೇವ್ ಹೊಡೀತು.
ಟುಕ್ ಅಂತ ಮ್ಯಾಲೆ ಬರದೆ.

ಸೆರಗು ಸರಿಮಾಡಿಕೊಂಡಳು. ಮೆಲ್ಲಕ ಅಂದಳು:
"ನಂದು ಜಳಕ ಅಲ್ರಿ ಸರ.
ನಮ್ಮ ಓಣ್ಯಾಗ ಹೆಣ್ಮಕ್ಕಳು ತೀರಿಕೊಂಡರ ನಾನ ಹೋಗಾಕಿ.
ಗುಸಲ್ ಕೊಡೂದು ಅಂತೀವ್ರಿ ನಮ್ಮ ಮಾತಿನಾಗ.
ನಿನ್ನೆ ಸಯೀದಾ. ಜಂಪರ್ ಹೊಲಿಯಾಕಿ. ಸಣ್ಣ ವಯಸ್ಸು.
ಬಾರಿ ತೊಪ್ಪಲ ಕುದಿಸಿದ ನೀರು, ಉಗುರುಬೆಚ್ಚಗ,
ಬಲಗಡೆಯಿಂದ ಶುರು ಮಾಡಬೇಕು.
ಬೆರಳಾಗ ಸೂಜಿ ಚುಚ್ಚಿದ ಗುರುತು ಹಂಗ ಇದ್ದೂವು.
ಆಕಿಗೆ ಟೇಕ್ ಮಾಡಾಕ ಬರಂಗಿಲ್ಲಲ್ರಿ,
ಅದಕ್ಕ ಗೇವ್ ಹಾಕೀನಿ. ತಪ್ಪಾತೇನ್ರಿ?"

ನಮ್ಮವ್ವ ಹೋದಾಗ ನಾನು ಹಿತ್ತಲದಾಗ
ಬಕೀಟು ತುಂಬಿ ತುಂಬಿ ಬಾಗಿಲದ ಹಂತೇಕ ಇಟ್ಟೆ.
ಒಳಗ ಎರದವರು ಯಾರು, ಇವತ್ತಿಗೂ ಕೇಳಿಲ್ಲ.
ಎರಿಯೂದು.
ಎಷ್ಟು ವರ್ಷಕ್ಕ ಬಾಯಾಗ ಬಂತು ಈ ಮಾತು.
ಕೂಸಿಗೆ ಎರೀತೀವಿ, ಬಾಣಂತಿಗೆ ಎರೀತೀವಿ,
ಅವ್ವಗೂ ಅದನ್ನ.

ರಬ್ಬರು ತಗೊಂಡು ತಿಕ್ಕಿದೆ.
ಆಕಿ ಪೆನ್ಸಿಲ್ಲು ಹೋತು, ನನ್ನ ಕೆಂಪು ಉಳೀತು.
"ನೀವ ಇನ್ನೊಮ್ಮೆ ಬರೀರಿ" ಅಂದೆ, "ಅದ ಸರಿ ಇತ್ತು."
ಬಾತಿಗೆ ಮುಂದ ಒಂದು ಎ ಬೇಕಿತ್ತು. ಬಿಟ್ಟೆ.

ಹೊಂಟಾಗ, ರೂಢಿ, ಟೇಕ್ ಕೇರ್ ಅಂದುಬಿಟ್ಟೆ.
ಎರಡು ಪಾವಟಿಗಿ ಇಳದಾಕಿ ತಿರುಗಿ ನಿಂತಳು:
"ಕೇರ್ ಟೇಕ್ ಮಾಡೂದೇನ್ರಿ? ಗಿವ್ ಅಲ್ಲೇನ್ರಿ?"
ಅದು ಹಂಗ ಅನ್ನೂದು ನಾಲಿಗಿ ತುದಿಗೆ ಬಂದಿತ್ತು. ನುಂಗಿದೆ.
ಹೊರಗ ಸಿಟಿ ಬಸ್ಸಿನ ಹಾರ್ನು. ಓಡಿದಳು.
ಸಿಕ್ಕಿತೋ, ಹಿಡಿದಳೋ, ಹತ್ತಿದಳೋ,
ಮ್ಯಾಲಿಂದ ಕಾಣಲಿಲ್ಲ.